ಅವಳ ಸಹಿ, ನನ್ನ ಅಕ್ಷರ

ಕೆಲಸಕ್ಕೆ ಸೇರಿದ ದಿನ ಮಾಲೀಕರು ನನ್ನ ಅಸಲಿ ಮಾರ್ಕ್ಸ್ ಕಾರ್ಡುಗಳನ್ನು ಇಸಿದುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದರು. ರಾಯಚೂರಿನ ಪೇಟೆಯೊಳಗೆ, ಔಷಧಿ ಅಂಗಡಿಗಳ ಮೇಲಿನ ಮಹಡಿಯಲ್ಲಿ ಅವರ ರಕ್ತ ಪರೀಕ್ಷೆಯ ಲ್ಯಾಬ್ ಇತ್ತು. "ನಡುವ ಬಿಟ್ಟು ಓಡಿ ಹೋಗ್ತೀರಿ ನೀವು. ಇವು ಇಲ್ಲಿದ್ರ ಕಾಲು ನಿಲ್ತಾವ," ಎಂದರು. ನನಗೆ ಆಗ ಇಪ್ಪತ್ತೊಂದು ವರ್ಷ. ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಆಗಷ್ಟೇ ಮುಗಿದಿತ್ತು. ಅರಕೇರಾದ ನಮ್ಮ ಮನೆಯಲ್ಲಿ ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ ಸಿಕ್ಕ ಮೊದಲನೆಯವಳು ನಾನು. ಅಪ್ಪ, ಅವ್ವ ವರ್ಷದ ಎಂಟು ತಿಂಗಳು ಕಟ್ಟಡ ಕೆಲಸಕ್ಕೆ ಪುಣೆಗೆ ಹೋಗುತ್ತಿದ್ದರು. ನಾನು ಹಾಸ್ಟೆಲುಗಳಲ್ಲಿ ಬೆಳೆದವಳು. ಮಾರ್ಕ್ಸ್ ಕಾರ್ಡ್ ಎಲ್ಲಾದರೂ ಇರಲಿ, ಕುರ್ಚಿ ಉಳಿದರೆ ಸಾಕು ಅನ್ನಿಸಿತ್ತು.

ಕುರ್ಚಿ ಸುಲಭಕ್ಕೆ ಉಳಿಯಲಿಲ್ಲ. ಮೊದಲ ವಾರದಲ್ಲೇ ಒಬ್ಬ ಮುದುಕನ ರಕ್ತನಾಳ ಸಿಗದೆ ಎರಡು ಸಲ ಚುಚ್ಚಿದ್ದಕ್ಕೆ ಮಾಲೀಕರು ನನ್ನ ಕೈಯಿಂದ ಸೂಜಿ ಕಸಿದುಕೊಂಡರು. "ನಿಮ್ಮವ್ವನ ಕೈಯಾಗ ಬುಟ್ಟಿ ಇತ್ತು, ನಿನ್ನ ಕೈಯಾಗ ಸೂಜಿ ಕೊಟ್ಟೀನಿ. ಅದs ನನ್ನ ತಪ್ಪು," ಎಂದು ಇಡೀ ಹಾಲಿಗೆ ಕೇಳುವಂತೆ ಹೇಳಿದರು. ಕಾಯುತ್ತಿದ್ದ ರೋಗಿಗಳಲ್ಲಿ ಕೆಲವರು ನಕ್ಕರು. ಮುದುಕ ಮಾತ್ರ ನಗಲಿಲ್ಲ, ನೋವಿಗೆ ಕೈ ಉಜ್ಜಿಕೊಳ್ಳುತ್ತಿದ್ದ. ಕೆಟ್ಟದಾಗಿ ಹರಡಿದ ಸ್ಲೈಡನ್ನು ಅವರು ನೆಲಕ್ಕೆಸೆಯುತ್ತಿದ್ದರು. ಚೂರುಗಳನ್ನು ಆರಿಸುವ ಕೆಲಸ ನನ್ನದು. ಒಂದು ವರ್ಷದಲ್ಲಿ ನನ್ನ ಕೈ ಪಳಗಿತು. ಹಸುಗೂಸಿನ ಮುಂಗೈಯಲ್ಲೂ ಒಂದೇ ಸಲಕ್ಕೆ ನಾಳ ಹಿಡಿಯುತ್ತಿದ್ದೆ. ಬೈಗುಳ ತಿಂದಿದ್ದಕ್ಕೇ ಕೆಲಸ ಬಂತು ಎಂದು ನಾನು ನಂಬಿದೆ. ಈಗ ಯೋಚಿಸಿದರೆ ಕೆಲಸ ಬಂದದ್ದು ದಿನಕ್ಕೆ ಐವತ್ತು ಜನರಿಗೆ ಚುಚ್ಚಿದ್ದರಿಂದ. ಬೈಗುಳದಿಂದ ಬಂದದ್ದು ಬೇರೆಯೇ ಒಂದು ವಿದ್ಯೆ. ಅದನ್ನು ಯಾರ ಮೇಲಾದರೂ ಪ್ರಯೋಗಿಸಲು ಕಾಯುತ್ತಿದ್ದೆ.

ಎರಡೂವರೆ ವರ್ಷದ ನಂತರ ಮಾಲೀಕರು ದೇವದುರ್ಗದಲ್ಲಿ ಸಣ್ಣ ಸೆಂಟರ್ ತೆರೆದು ನನ್ನನ್ನು ಅಲ್ಲಿಗೆ ಹಾಕಿದರು. ಒಂದು ಕೋಣೆ, ಒಂದು ಬೆಂಚು, ಒಂದು ಫ್ರಿಜ್. ಅಲ್ಲಿ ರಕ್ತ ತೆಗೆಯುವುದು, ಟ್ಯೂಬಿಗೆ ನಂಬರ್ ಹಾಕುವುದು, ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸ. ಮಧ್ಯಾಹ್ನದ ಬಸ್ಸಿಗೆ ಟ್ಯೂಬುಗಳು ಐಸ್ ಡಬ್ಬಿಯಲ್ಲಿ ರಾಯಚೂರಿಗೆ ಹೋಗಬೇಕು, ಪರೀಕ್ಷೆ ಅಲ್ಲಿ. ಡಬ್ಬಿ ಒಯ್ಯಲು, ನನಗೆ ಕೈ ಜೋಡಿಸಲು ಒಬ್ಬಳನ್ನು ಕೊಟ್ಟರು. ನೀರಮಾನ್ವಿಯವಳು. ನನ್ನದೇ ಡಿಪ್ಲೊಮಾ, ನನ್ನಂಥದೇ ಹಾಸ್ಟೆಲು, ಅವಳ ಮನೆಯವರೂ ಕೂಲಿಯವರೇ. ಹೇಳಿದ್ದನ್ನೆಲ್ಲ ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ತಿಳಿಯದಿದ್ದರೆ ಕೇಳುತ್ತಿದ್ದಳು. "ಅಕ್ಕಾರ, ಇದು ಯಾಕ ಹಿಂಗ ಮಾಡ್ತೀರಿ?" ಎಂದು ನೇರವಾಗಿ, ಕಣ್ಣಿಗೆ ಕಣ್ಣಿಟ್ಟು. ನಾನು ಒಂದು ವರ್ಷ ತಲೆ ತಗ್ಗಿಸಿ ಕಲಿತದ್ದನ್ನು ಇವಳು ತಲೆ ಎತ್ತಿಕೊಂಡೇ ಕಲಿಯುತ್ತಿದ್ದಾಳಲ್ಲ ಎಂದು ನನಗೆ ಉರಿಯುತ್ತಿತ್ತು.

ಹಾಗಾಗಿ ಪಳಗಿಸಲು ನಿಂತೆ. ಊಟಕ್ಕೆ ಕೂತಾಗ ಬೇಕೆಂದೇ ಕರೆದು ಬೆಂಚು ಒರೆಸಲು ಹಚ್ಚುತ್ತಿದ್ದೆ. ಅವಳು ತೊಳೆದಿಟ್ಟ ಸ್ಲೈಡುಗಳನ್ನು ಬೆಳಕಿಗೆ ಹಿಡಿದು ನೋಡಿ, ಚೆನ್ನಾಗಿದ್ದರೂ ಮತ್ತೆ ನೀರಿಗೆ ಹಾಕುತ್ತಿದ್ದೆ. ಒಂದು ದಿನ ಒಬ್ಬ ಹೆಂಗಸಿನ ಮುಂದೆ, "ನಿಮ್ಮವ್ವನ ಕೈಯಾಗ ಕಳೆ ತೆಗಿಯೋ ಕುರ್ಚಗಿ ಇತ್ತು, ನಿನಗ ಸೂಜಿ ಕೊಟ್ಟೀನಿ," ಎಂದುಬಿಟ್ಟೆ. ಅವಳು ಒಂದು ಕ್ಷಣ ನನ್ನನ್ನು ನೋಡಿ, "ಹೌದ್ರಿ, ಇನ್ನೂ ಅದರಿ. ದಿನಾ ಕಳೇವಿಗೆ ಹೋಗ್ತಾಳ," ಎಂದು ಕೆಲಸ ಮುಂದುವರಿಸಿದಳು. ನಾಚಿಕೆ ಪಡಬೇಕಾದವಳು ಪಡಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು.

ಅವಳು ಬಂದು ಮೂರು ತಿಂಗಳಾಗಿತ್ತು. ಬಸುರಿಯರ ತಪಾಸಣೆಯ ದಿನ. ಸುತ್ತಲಿನ ಊರುಗಳಿಂದ ಬಂದ ಹೆಂಗಸರು ಮೆಟ್ಟಿಲವರೆಗೂ ಕೂತಿದ್ದರು. ಅವರಲ್ಲಿ ಇಬ್ಬರದು ಒಂದೇ ಹೆಸರು, ಹೆಚ್ಚು ಕಡಿಮೆ ಒಂದೇ ವಯಸ್ಸು, ಇಬ್ಬರಿಗೂ ಏಳು ತಿಂಗಳು. ಊರು ಮಾತ್ರ ಬೇರೆ. ಇಬ್ಬರದೂ ರಕ್ತ ತೆಗೆದು ಟ್ಯೂಬುಗಳನ್ನು ಹಾಗೇ ಸ್ಟ್ಯಾಂಡಿಗೆ ಸಿಕ್ಕಿಸಿ ಮೂರನೆಯವಳನ್ನು ಕರೆದೆ.

"ಅಕ್ಕಾರ, ನಂಬರ್ ಹಾಕಿದ್ರೇನ್ರಿ?"

"ಆಮ್ಯಾಗ ಹಾಕ್ತೀನಿ. ಮಂದಿ ನಿಂತದ ಕಾಣವಲ್ದೇನು?"

"ಇಬ್ರದೂ ಒಂದs ಹೆಸರೈತ್ರಿ. ಈಗ ಹಾಕಿದ್ರ..."

"ನನಗ ಕಲಿಸಾಕ ಬಂದೀಯೇನು? ಬಾಯಿ ಮುಚ್ಚಿಕೊಂಡು ಹತ್ತಿ ಕೊಡು."

ಅವಳು ಹತ್ತಿ ಕೊಟ್ಟಳು. ಗದ್ದಲ ಮುಗಿದ ಮೇಲೆ ನಾನು ನೆನಪಿನಿಂದ ನಂಬರ್ ಹಾಕಿದೆ. ಅನುಮಾನ ಬಂದು ರಿಜಿಸ್ಟರಿನಲ್ಲಿ ಒಂದು ನಂಬರ್ ಹೊಡೆದು ತಿದ್ದಿದೆ. ತಿದ್ದಿದ್ದೇ ತಪ್ಪಾಯಿತು. ಅನುಮಾನ ಬಂದಾಗ ಆ ಇಬ್ಬರನ್ನು ಮತ್ತೆ ಕರೆದು ರಕ್ತ ತೆಗೆಯಬಹುದಿತ್ತು. ಇಬ್ಬರೂ ಇನ್ನೂ ಕೆಳಗೆ ಚಹಾದ ಅಂಗಡಿಯ ಮುಂದೆಯೇ ಕೂತಿದ್ದರು. ಆದರೆ ಕರೆದರೆ ಅವಳ ಮಾತು ನಿಜವಾಗುತ್ತಿತ್ತು.

ಎರಡು ತಿಂಗಳಾದ ಮೇಲೆ ರಾಯಚೂರಿನಿಂದ ಫೋನು ಬಂತು. ನಾವಿಬ್ಬರೂ ಈಗಲೇ ಹೊರಟು ಬರಬೇಕು. ನಾವು ಮಹಡಿ ಹತ್ತುವಷ್ಟರಲ್ಲಿ ಲ್ಯಾಬಿನ ಹಾಲಿನಲ್ಲಿ ಆರೇಳು ಜನ ನಿಂತಿದ್ದರು. ಆ ಇಬ್ಬರು ಹೆಂಗಸರಲ್ಲಿ ಒಬ್ಬಳ ಗಂಡ, ಅವನ ತಾಯಿ, ನೆಂಟರು. ಹೆರಿಗೆಯಲ್ಲಿ ಅವಳಿಗೆ ರಕ್ತ ಹೋಗಿ, ಹೊರಗಿನಿಂದ ರಕ್ತ ಏರಿಸಬೇಕಾಗಿತ್ತು. ಏರಿಸುವ ಮೊದಲು ಆಸ್ಪತ್ರೆಯವರು ಮತ್ತೊಮ್ಮೆ ರಕ್ತದ ಗುಂಪು ನೋಡಿದ್ದಾರೆ. ನಮ್ಮ ವರದಿಯಲ್ಲಿ ಪಾಸಿಟಿವ್, ಅವಳದು ನೆಗೆಟಿವ್. ತಾಯಿ, ಮಗು ಎರಡೂ ಉಳಿದವು.

"ನಿಮ್ಮ ಚೀಟಿ ನಂಬಿ ರಕ್ತ ಏರಿಸಿದ್ರ ನಮ್ಮಾಕಿ ಇವತ್ತು ಮಣ್ಣಾಗ ಇರತಿದ್ಲು," ಎಂದ ಗಂಡ. ಅವನು ಕೂಗಾಡಲಿಲ್ಲ. "ಯಾರು ಮಾಡಿದ್ದು? ಅವರ ಮಾರಿ ತೋರಸ್ರಿ. ಅಷ್ಟ ಸಾಕು."

ಮಾಲೀಕರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. ದೇವದುರ್ಗದ ರಿಜಿಸ್ಟರ್ ತರಲು ಫೋನಿನಲ್ಲೇ ಹೇಳಿದ್ದರು. ಆ ದಿನದ ಪುಟ ತೆಗೆದು ಬೆರಳಿಟ್ಟರು.

"ಈ ತಿದ್ದಿದ್ದು ಯಾರ ಕೈ?"

"ನಂದ್ರಿ ಸರ್."

"ನೀ ಬಂದು ಎಷ್ಟು ದಿನ ಆತು?"

"ಮೂರು ವರ್ಷಾತ್ರಿ."

"ಆಕಿ?"

"ಐದು ತಿಂಗಳ್ರಿ."

ಅವರು ರಿಜಿಸ್ಟರ್ ಮುಚ್ಚಿ ತಮ್ಮ ಮೇಜಿನ ಖಾನೆಯಲ್ಲಿಟ್ಟರು. "ದೇವದುರ್ಗದ ಡಾಕ್ಟರಗೋಳು ನಿನ್ನ ಗುರ್ತು ಹಿಡದಾರ. ನೀ ಹೋದ್ರ ಸೆಂಟರ್ ಮುಚ್ಚಬೇಕು. ಆಕಿ ಹೋದ್ರ ಸೋಮಾರ ಇನ್ನೊಬ್ಬಾಕಿ ಬರ್ತಾಳ. ಆಕಿಗೆ ಹಿಂದ ಮುಂದ ಕೇಳೋರು ಯಾರದಾರ? ಕಳಸು ಆಕೀನ."

ನನಗೆ ಆಗ ಏನನ್ನಿಸಿತು ಎಂದು ಬಹಳ ಜನ ಊಹಿಸಬಹುದು: ಸಂಕಟ, ಪಾಪಪ್ರಜ್ಞೆ. ಅವು ಬಂದದ್ದು ಎಷ್ಟೋ ಕಾಲದ ಮೇಲೆ. ಆ ಗಳಿಗೆಯಲ್ಲಿ ಬಂದದ್ದು ಸಮಾಧಾನ. ಮೂತ್ರಕ್ಕೆ ಅವಸರವಾಗಿದ್ದವರಿಗೆ ಬಾಗಿಲು ತೆರೆದಂತೆ, ಅಷ್ಟು ಮೈಯೊಳಗಿನ ಸಮಾಧಾನ. ಅದರ ಹಿಂದೆಯೇ ಒಂದು ಹೆಮ್ಮೆ: ನಾನು ಬೇಕಾದವಳು.

ಅವಳು ಒಳಗೆ ಬಂದಳು. ಬಸ್ಸಿನಲ್ಲಿ ಡಬ್ಬಿ ತರುವಾಗ ಟ್ಯೂಬುಗಳನ್ನು ಅದಲು ಬದಲು ಮಾಡಿದ್ದೇನೆಂದು ಬರೆದುಕೊಡಲು ಮಾಲೀಕರು ಹೇಳಿದರು. ಅವಳು ಅರ್ಥವಾಗದೆ ನಿಂತಳು. "ಟ್ಯೂಬಿನ ಮ್ಯಾಲ ನಂಬರ್ ಇರ್ತಾವಲ್ರಿ ಸರ್. ಬಸ್ಸಿನಾಗ ಅದಲು ಬದಲು ಆದ್ರೂ ನಂಬರ್ ಹೆಂಗ ಬದಲಾಗ್ತಾವ್ರಿ?" ಎಂದಳು. ಸರಿಯಾದ ಪ್ರಶ್ನೆ. ಮಾಲೀಕರು ನನ್ನ ಕಡೆ ಹಾಳೆ ತಳ್ಳಿದರು. "ಈಕೀದು ಅಕ್ಷರ ಛಂದ ಅದ. ಈಕಿ ಬರೀತಾಳ, ನೀ ಸಹಿ ಹಾಕು."

ಅವರು ಹೇಳುತ್ತ ಹೋದರು, ನಾನು ಬರೆದೆ. 'ನನ್ನ ನಿರ್ಲಕ್ಷ್ಯದಿಂದ' ಎಂಬ ಮಾತನ್ನು ಬರೆಯುವಾಗ ಒತ್ತಕ್ಷರ ಸರಿಯಾಗಿ ಬಂದಿಲ್ಲವೆಂದು ಇನ್ನೊಮ್ಮೆ ತಿದ್ದಿ ಬರೆದೆ. ಕಾಗದವನ್ನು ಅವಳ ಮುಂದಿಟ್ಟಾಗ ಅವಳು ಮಾಲೀಕರನ್ನು ಬಿಟ್ಟು ನನ್ನನ್ನು ನೋಡಿದಳು.

"ಅಕ್ಕಾರ, ನೀವಾದ್ರೂ ಹೇಳ್ರಿ. ಆವತ್ತು ನಾ ಕೇಳಿದ್ನಿಲ್ರಿ ನಿಮಗ?"

"ಸಹಿ ಹಾಕಿಬಿಡು. ಎಲ್ಲಾ ಸರಿ ಆಗತದ," ಎಂದೆ.

ಸಹಿ ಹಾಕಿದಳು. ಮಾಲೀಕರು ಅವಳನ್ನು ಹಾಲಿಗೆ ಕರೆದೊಯ್ದು ಆ ಜನರ ನಡುವೆ ನಿಲ್ಲಿಸಿದರು. "ಇಕಾ, ಈಕಿನs. ಹೊಸ ಹುಡುಗಿ. ನೀವು ಏನು ಹೇಳ್ತೀರಿ ಹಂಗ," ಎಂದರು. ಗಂಡ ಅವಳ ಮುಖವನ್ನು ಬಹಳ ಹೊತ್ತು ನೋಡಿ ತಿರುಗಿಕೊಂಡ. ಮುದುಕಿ ಮಾತ್ರ ಮುಂದೆ ಬಂದು, "ನೀನೂ ಒಂದು ಹೆಣ್ಣಲ್ಲೇನs ಯವ್ವಾ? ನಾಳೆ ನೀ ಹಡಿಯಾಕಿ ಅಲ್ಲೇನು?" ಎಂದಳು. ಮಾಲೀಕರು ಕಣ್ಣಿನಲ್ಲೇ ಕೆಳಗೆ ತೋರಿಸಿದರು. ಅವಳು ಬಗ್ಗಿ ಮುದುಕಿಯ ಕಾಲು ಮುಟ್ಟಿದಳು. ನಾನು ಬಾಗಿಲ ಬಳಿ ನಿಂತು ನೋಡುತ್ತಿದ್ದೆ. ಅಂದೇ ಅವಳನ್ನು ಕೆಲಸದಿಂದ ತೆಗೆದರು. ಅನುಭವದ ಸರ್ಟಿಫಿಕೇಟ್ ಕೊಡಲಿಲ್ಲ. ಬೀರುವಿನಲ್ಲಿದ್ದ ಅವಳ ಮಾರ್ಕ್ಸ್ ಕಾರ್ಡುಗಳಿಗಾಗಿ ನೀರಮಾನ್ವಿಯಿಂದ ನಾಲ್ಕು ಸಲ ಬಂದು ಮೆಟ್ಟಿಲ ಮೇಲೆ ಕೂತು ಹೋದಳಂತೆ. ಐದನೇ ಸಲ ಕೊಟ್ಟರು.

ಅದೇ ಹೆಸರಿನ ಇನ್ನೊಬ್ಬ ಹೆಂಗಸು ಇದ್ದಳಲ್ಲ. ಒಂದು ವರದಿ ತಪ್ಪಾದರೆ ಎರಡನೆಯದೂ ತಪ್ಪೇ. ಅವಳ ಊರು ನಮಗೆ ಗೊತ್ತಿತ್ತು. "ಕೇಳಿಕೊಂತ ಬಂದ್ರ ನೋಡೋಣು," ಎಂದರು ಮಾಲೀಕರು. ಅವಳು ಬರಲಿಲ್ಲ. ನಾವೂ ಹೋಗಲಿಲ್ಲ. ನಮ್ಮ ಆ ಚೀಟಿ ಈಗಲೂ ಅವಳ ಮನೆಯಲ್ಲಿ, ಆಧಾರ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಇರಬಹುದು.

ಸೋಮವಾರ ಇನ್ನೊಬ್ಬಳು ಬಂದಳು. ಅವಳ ನಂತರ ಇನ್ನೊಬ್ಬಳು. ಯಾರಿಗೂ ವರ್ಷ ತುಂಬಲಿಲ್ಲ, ನಾನು ತುಂಬಲು ಬಿಡಲಿಲ್ಲ. ಮಾಲೀಕರ ದನಿ ನನ್ನ ಗಂಟಲಿನಲ್ಲಿ ಚೆನ್ನಾಗಿ ಕೂತಿತ್ತು. ನಡುವೆ ಒಮ್ಮೆ ದೊಡ್ಡ ಆಸ್ಪತ್ರೆಯೊಂದರಲ್ಲಿ ನನಗೆ ಒಳ್ಳೆಯ ಕೆಲಸ ಸಿಗುವಂತಿತ್ತು. ಮಾಲೀಕರ ಹತ್ತಿರ ಹೋಗಿ ಬಿಡುತ್ತೇನೆ ಎಂದಾಗ ಅವರು ನಗುತ್ತಲೇ ಮೇಜಿನ ಖಾನೆಯನ್ನು ಬೆರಳಿನಿಂದ ಬಡಿದರು. "ಆ ರಿಜಿಸ್ಟರ್ ಇನ್ನೂ ಇದರಾಗs ಅದ. ಹೋಗು, ನಾ ಬ್ಯಾಡ ಅಂತೀನೇನು?" ನಾನು ಹೋಗಲಿಲ್ಲ. ಐದು ವರ್ಷ ಹೋಗಲಿಲ್ಲ. ನೀರಮಾನ್ವಿಯವಳನ್ನು ಬಿಟ್ಟುಕೊಟ್ಟು ನಾನು ಉಳಿಸಿಕೊಂಡ ಕುರ್ಚಿಗೆ ನನ್ನನ್ನೇ ಕಟ್ಟಿಹಾಕಿದ್ದರು.

ಮಾಲೀಕರಿಗೆ ಪಾರ್ಶ್ವವಾಯು ಬಡಿದು ಮನೆಯಲ್ಲಿ ಕೂತ ಮೇಲೆ ಅವರ ಅಳಿಯ ಲ್ಯಾಬ್ ನೋಡಿಕೊಳ್ಳತೊಡಗಿದ. ಅವನು ಹೊಸ ಯಂತ್ರಗಳನ್ನು ತರಿಸಿದ, ಹಳೇ ಮೇಜುಗಳನ್ನು ತೆಗೆಸಿದ. ಆ ದಿನ ಖಾನೆಯನ್ನು ನಾನೇ ಎಳೆದು ನೋಡಿದೆ. ಒಳಗೆ ಔಷಧಿ ಕಂಪನಿಗಳ ಕ್ಯಾಲೆಂಡರುಗಳಿದ್ದವು. ಹಳೇ ರಿಜಿಸ್ಟರುಗಳೆಲ್ಲ ಎಷ್ಟೋ ವರ್ಷಗಳ ಹಿಂದೆಯೇ ರದ್ದಿಗೆ ಹೋದವಂತೆ. ಕಸ ಗುಡಿಸುವಾಕೆ ಹೇಳಿದಳು. ಅಂದರೆ ನನ್ನನ್ನು ಹಿಡಿದಿಟ್ಟದ್ದು ಬರೀ ಒಂದು ಖಾನೆ. ಅಂದಿನಿಂದ ನನಗೆ ಯಾರ ಹೆದರಿಕೆಯೂ ಇರಲಿಲ್ಲ. ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆಂದರೆ, ಮುಂದೆ ನಾನು ಮಾಡಿದ್ದಕ್ಕೆ ಹೆದರಿಕೆಯ ನೆಪ ಇಲ್ಲ.

ಮರುವರ್ಷ ಮಾನ್ವಿಯಲ್ಲಿ ಹೊಸ ಸೆಂಟರ್ ತೆರೆಯುವುದಿತ್ತು. ಟೆಕ್ನಿಷಿಯನ್ ಆರಿಸಲು ಅಳಿಯ ಮತ್ತು ನಾನು ಬೆಳಿಗ್ಗೆಯೇ ಹೋಗಿ, ಇನ್ನೂ ಬಣ್ಣದ ವಾಸನೆ ಹೋಗದ ಕೋಣೆಯಲ್ಲಿ ಮೇಜು ಹಾಕಿಕೊಂಡು ಕೂತೆವು. ಏಳು ಜನ ಬಂದಿದ್ದರು. ನಾಲ್ಕನೆಯವಳಾಗಿ ಅವಳು, ಆ ನೀರಮಾನ್ವಿಯವಳು, ಒಳಗೆ ಬಂದಳು. ಮೈ ತುಸು ತುಂಬಿತ್ತು, ಕೊರಳಲ್ಲಿ ಕರಿಮಣಿ ಇತ್ತು. ನನ್ನನ್ನು ನೋಡಿ ಬಾಗಿಲಲ್ಲೇ ಅರೆಕ್ಷಣ ನಿಂತಳು. ಆಮೇಲೆ ಬಂದು ಕೂತಳು.

ಅಳಿಯ ಕಾಗದಗಳನ್ನು ತಿರುವಿದ. "ಓದು ಮುಗಿಸಿ ಇಷ್ಟು ವರ್ಷ ಆಗ್ಯಾವ. ಎಲ್ಲಿ ಕೆಲಸ ಮಾಡೀರಿ?"

"ಮೊದಲ ಐದು ತಿಂಗಳು ಒಂದು ಲ್ಯಾಬಿನಾಗ್ರಿ. ಆಮ್ಯಾಗ ಎಲ್ಲಿ ಹೋದ್ರೂ ಅಲ್ಲಿಂದ ಯಾಕ ಬಿಟ್ರಿ ಅಂತ ಕೇಳತಿದ್ರು. ಈಗ ಒಬ್ಬ ಡಾಕ್ಟರ್ ಹತ್ರ ಬೆಳಗ್ಗೆ ಎರಡು ತಾಸು ಹೋಗ್ತೀನ್ರಿ."

"ಯಾಕ ಬಿಟ್ರಿ?"

ಅವಳು ನನ್ನ ಕಡೆ ನೋಡಿದಳು. ನಾನು ಪೆನ್ನಿನ ಮುಚ್ಚಳ ನೋಡುತ್ತಿದ್ದೆ.

"ಬ್ಲಡ್ ಗ್ರೂಪ್ ಅದಲು ಬದಲು ಆಗಿತ್ರಿ. ನನ್ನ ಕಡಿಂದ ತಪ್ಪಾಗಿತ್ತು."

ಅಳಿಯ ಕಾಗದ ಕೆಳಗಿಟ್ಟ. "ಯಾವ ಲ್ಯಾಬು?"

"ಇದs ಲ್ಯಾಬ್ರಿ. ದೇವದುರ್ಗದಾಗ."

ಅವನು ನನ್ನತ್ತ ತಿರುಗಿದ. "ನಿಮಗ ಗೊತ್ತೇನ್ರಿ ಮೇಡಂ ಇವರು?"

"ಭಾಳ ಮಂದಿ ಬಂದು ಹೋಗ್ಯಾರ. ನೆನಪಿಲ್ಲ," ಎಂದೆ.

ಎಲ್ಲರಿಗೂ ಕೊಟ್ಟಂತೆ ಅವಳಿಗೂ ಕೈಕೆಲಸದ ಪರೀಕ್ಷೆ ಕೊಡಬೇಕಿತ್ತು. ಹಿಂದಿನ ಮೂವರು ಅಳಿಯನ ಕೈ ಚುಚ್ಚಿದ್ದರು. ಅವನು ನಗುತ್ತ ನನ್ನ ಕೈ ಮುಂದೆ ಮಾಡಿಸಿದ. ಅವಳು ಕೈಗವಸು ಹಾಕಿಕೊಂಡಳು. "ನಿಮ್ಮ ಹೆಸರು ಹೇಳ್ರಿ," ಎಂದಳು. ಹೇಳಿದೆ. "ವಯಸ್ಸು?" ಹೇಳಿದೆ. ಎರಡನ್ನೂ ಕೇಳಿಕೊಂಡು, ಟ್ಯೂಬಿನ ಮೇಲೆ ಬರೆದು, ನಂಬರ್ ಹಾಕಿ, ನನಗೆ ತೋರಿಸಿ, ಸರಿ ಇದೆಯೇ ಎಂದು ಕೇಳಿ, ಆಮೇಲೆ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದಳು. ಸೂಜಿ ಒಳಗೆ ಹೋದದ್ದು ನನಗೆ ಗೊತ್ತೇ ಆಗಲಿಲ್ಲ. ಇಷ್ಟು ವರ್ಷ ಸರಿಯಾದ ಕೆಲಸವಿಲ್ಲದ ಕೈ ಅದು.

ಅವಳು ಹೊರಗೆ ಹೋದ ಮೇಲೆ ಅಳಿಯ ಅಂದ: "ಕೈ ಛಲೋ ಅದ. ಸುಳ್ಳೂ ಹೇಳಲಿಲ್ಲ. ತಗೊಳ್ಳೋಣೇನು?"

ತಗೊಳ್ಳೋಣ ಎಂದಿದ್ದರೆ ಮುಗಿಯುತ್ತಿತ್ತು. ನನಗೆ ಏನೂ ಕಳೆದುಹೋಗುತ್ತಿರಲಿಲ್ಲ. ಆದರೆ ತಿಂಗಳಿಗೊಮ್ಮೆ ಮಾನ್ವಿಗೆ ಬಂದು ಅವಳ ಕೆಲಸ ತಪಾಸಣೆ ಮಾಡಬೇಕಾಗುತ್ತಿತ್ತು. ಅವಳ ಮುಂದೆ ಕೂತು, ಅವಳ ರಿಜಿಸ್ಟರಿಗೆ ನನ್ನ ಸಹಿ ಹಾಕಬೇಕಾಗುತ್ತಿತ್ತು. ಅದು ನನ್ನಿಂದ ಆಗದು.

"ಗ್ರೂಪ್ ತಪ್ಪು ಮಾಡಿದಾಕಿ ಅಂತ ತಾನs ಒಪ್ಪಿಕೊಂಡಾಳ," ಎಂದೆ. "ನಾಳೆ ಏನರ ಆದ್ರ ಗೊತ್ತಿದ್ದೂ ಯಾಕ ತಗೊಂಡ್ರಿ ಅಂತ ನಿಮ್ಮನ್ನ ಕೇಳ್ತಾರ."

ಅವನು ಅವಳ ಹೆಸರಿನ ಮೇಲೆ ಗೆರೆ ಎಳೆದ. ಇನ್ನೂ ಮೂವರನ್ನು ನೋಡಿ, ಒಬ್ಬ ಹುಡುಗನನ್ನು ಆರಿಸಿ, ಹೊರಗೆ ಬಂದು ನಾನೇ ಹೇಳಿದೆ. ಉಳಿದವರು ಗೊಣಗುತ್ತ ಹೋದರು. ಅವಳು ನಿಂತಿದ್ದಳು.

"ನನ್ನ ಮಾರ್ಕ್ಸ್ ಕಾರ್ಡಿನ ಝೆರಾಕ್ಸ್ ಕೊಡ್ರಿ. ಇನ್ನೊಂದು ಕಡೆ ಕೊಡಾಕ ಬರ್ತಾವ."

ತಂದು ಕೊಟ್ಟೆ. ಅವಳು ಮಡಚಿ ಚೀಲಕ್ಕೆ ಹಾಕಿಕೊಂಡು, ದನಿ ಏರಿಸದೆ ಅಂದಳು: "ಇವತ್ತೂ ನಾ ನಿಮ್ಮ ಹೆಸರು ಹೇಳಲಿಲ್ರಿ ಅಕ್ಕಾರ."

ನಾನು, "ಬಸ್ಸಿಗೆ ಹೊತ್ತಾಗತದ ನೋಡು," ಎಂದೆ. ಆ ಮಧ್ಯಾಹ್ನ ಖಾನಾವಳಿಯಲ್ಲಿ ಅಳಿಯನ ಜೊತೆ ಕೂತು ಹೊಟ್ಟೆ ತುಂಬ ಉಂಡೆ.

ಈಗ ನಾನು ಆ ಲ್ಯಾಬ್ ಬಿಟ್ಟು ರಾಯಚೂರಿನ ಒಂದು ಕಾಲೇಜಿನಲ್ಲಿ ಇದೇ ಡಿಪ್ಲೊಮಾದ ಹುಡುಗ ಹುಡುಗಿಯರಿಗೆ ಪಾಠ ಮಾಡುತ್ತೇನೆ. ಪಶ್ಚಾತ್ತಾಪದಿಂದ ಬಿಟ್ಟದ್ದಲ್ಲ, ಇಲ್ಲಿ ರಜೆಗಳು ಹೆಚ್ಚು. ಕೊನೆಯ ವರ್ಷದವರು, ಹೊಸದಾಗಿ ಕೆಲಸಕ್ಕೆ ಹೋಗುವವರಿಗೆ ಏನಾದರೂ ಹೇಳ್ರಿ ಎನ್ನುತ್ತಾರೆ. ಅಸಲಿ ಮಾರ್ಕ್ಸ್ ಕಾರ್ಡ್ ಯಾರಿಗೂ ಕೊಡಬೇಡಿ, ಇನ್ನೊಬ್ಬರು ಬರೆದ ಕಾಗದಕ್ಕೆ ಸಹಿ ಹಾಕಬೇಡಿ ಎನ್ನುತ್ತೇನೆ. ಪೆಟ್ಟು ತಿನ್ನುವವರಿಗೆ ಹೇಳುವ ಮಾತುಗಳು ಇವು. ಪೆಟ್ಟು ಕೊಡುವವರಾಗಿ ಅವರಲ್ಲಿ ಅರ್ಧ ಜನ ತಯಾರಾಗುತ್ತಾರೆಂದು ನನಗೆ ಗೊತ್ತು. ಅವರಿಗೆ ಏನು ಹೇಳಬೇಕೋ ತಿಳಿಯದು.

ಹೋದ ವರ್ಷ ಒಂದು ಭಾನುವಾರ ನೀರಮಾನ್ವಿಗೆ ಹೋದೆ. ಲ್ಯಾಬಿನಲ್ಲಿದ್ದಾಗಲೇ ತೆಗೆದಿಟ್ಟುಕೊಂಡಿದ್ದ ಒಂದು ಲೆಟರ್‌ಹೆಡ್ ಹಾಳೆಯ ಮೇಲೆ, ಐದು ತಿಂಗಳು ತೃಪ್ತಿಕರವಾಗಿ ಕೆಲಸ ಮಾಡಿದ್ದಾಳೆಂದು ಬರೆದು, ಇನ್‌ಚಾರ್ಜ್ ಎಂದು ಸಹಿ ಹಾಕಿಕೊಂಡು ಒಯ್ದಿದ್ದೆ. ಯಲ್ಲಮ್ಮನ ಗುಡಿಯ ಕಡೆ ಹೋಗುವವರನ್ನು ಕೇಳಿ ಮನೆ ಹುಡುಕಿದೆ. ಅವಳು ಕಟ್ಟೆಯ ಮೇಲೆ ಕೂತು ಮಗಳ ತಲೆ ಬಾಚುತ್ತಿದ್ದಳು. ಏಳಲಿಲ್ಲ. ನಮ್ಮ ಕಡೆ ಗುರುತಿಲ್ಲದವರು ಬಂದರೂ ಮೊದಲು ನೀರಿನ ಚೊಂಬು ಬರುತ್ತದೆ. ಬರಲಿಲ್ಲ.

ಕಾಗದ ಕೊಟ್ಟೆ. ಬಾಚಣಿಗೆಯನ್ನು ಮಗಳ ಕೂದಲಲ್ಲೇ ಸಿಕ್ಕಿಸಿ, ಪೂರ್ತಿ ಓದಿದಳು.

"ತಾಲ್ಲೂಕು ದವಾಖಾನ್ಯಾಗ ಕಾಂಟ್ರಾಕ್ಟ್ ಮ್ಯಾಲ ತಗೊಂಡಾರ್ರಿ ನನ್ನ," ಎಂದಳು. "ಅಲ್ಲಿ ಬರೇ ಮಾರ್ಕ್ಸ್ ನೋಡಿದ್ರು. ಮೊದಲು ಎಲ್ಲಿದ್ದಿ ಅಂತ ಯಾರೂ ಕೇಳಲಿಲ್ಲ."

"ಛಲೋ ಆತು. ಆದ್ರೂ ಇರಲಿ, ಮುಂದ ಬೇಕಾಗತದ."

"ಆವತ್ತಿನ ತಪ್ಪು ನಂದಲ್ಲ ಅಂತ ಇದರಾಗ ಬರದೀರೇನ್ರಿ?"

"ಇಲ್ಲ."

"ಈಗ ಬರೀರಿ. ಒಳಗ ಪೆನ್ ಅದ."

ಮಗಳು ಪೆನ್ನು ತರಲು ಎದ್ದಳು. ನಾನು ತಡೆದೆ. ಯೋಚನೆ ಮಾಡಿ, ಸರಿಯಾಗಿ ಟೈಪ್ ಮಾಡಿಸಿ ಕಳಿಸುತ್ತೇನೆ ಎಂದೆ. ಅವಳು ನಕ್ಕಳೋ ಇಲ್ಲವೋ ನನಗೆ ಸರಿಯಾಗಿ ಕಾಣಲಿಲ್ಲ. ಕಾಗದವನ್ನು ಮೊದಲಿದ್ದ ಮಡಿಕೆಗಳಲ್ಲೇ ಮಡಚಿ ನನ್ನ ಕೈಗೆ ಕೊಟ್ಟು, ಮಗಳನ್ನು ಮತ್ತೆ ಮುಂದೆ ಕೂರಿಸಿಕೊಂಡು ಬೈತಲೆ ತೆಗೆಯತೊಡಗಿದಳು. ನಾನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಅವಳು ತಲೆ ಎತ್ತಲಿಲ್ಲ. ಆಮೇಲೆ ರಸ್ತೆಗೆ ಬಂದು, ಮಾನ್ವಿ ಕಡೆ ಹೋಗುವ ಆಟೊ ಹತ್ತಿದೆ.